ನಿನ್ನೆಯ ಪಾಠ

"ಕೂತ್ಕೊಳ್ಳಿ," ಎಂದರು ಪ್ರಿನ್ಸಿಪಾಲ್ ಮೇಡಂ ಎರಡನೆಯ ಸಲ. ಅವರು ಒಳಗೆ ಬಂದಾಗ ಎದ್ದು ನಿಂತಿದ್ದ ಹುಡುಗಿಯರಲ್ಲಿ ಒಬ್ಬಳೂ ಜಗ್ಗಲಿಲ್ಲ. ಎಲ್ಲರ ಕಣ್ಣೂ ಕಿಟಕಿ ಪಕ್ಕದ ಖಾಲಿ ಜಾಗದ ಮೇಲಿತ್ತು. ಶಾಲೆಯ ನಾಯಕಿಯನ್ನು ಮತ ಹಾಕಿಸದೆ ಆಡಳಿತ ಮಂಡಳಿಯೇ ಆರಿಸಿದ್ದು ಯಾಕೆ ಎಂದು ಕೇಳಿದ ತಪ್ಪಿಗೆ ಅಲ್ಲಿ ಕೂರುತ್ತಿದ್ದವಳನ್ನು ಬೆಳಿಗ್ಗೆ ಮನೆಗೆ ಅಟ್ಟಿದ್ದರು.

"ಇದೆಲ್ಲ ನೀವು ಹೇಳಿಕೊಟ್ಟಿದ್ದಾ?" ಪ್ರಿನ್ಸಿಪಾಲರು ಇತಿಹಾಸದ ಟೀಚರ್ ಕಡೆ ತಿರುಗಿದರು. ಹೇಳಿಕೊಟ್ಟದ್ದು ನಿಜ. ಕಲ್ಲೆಸೆಯದೆ, ಕೈ ಮಾಡದೆ, ಹೇಳಿದ ಮಾತು ಕೇಳದೆಯೇ ಜನ ಸರ್ಕಾರಗಳನ್ನು ಮಣಿಸಿದ ಪಾಠವನ್ನು ನಿನ್ನೆ ಇದೇ ಕ್ಲಾಸಿನಲ್ಲಿ ಕೈ ಬೀಸಿ ಬೀಸಿ ಮಾಡಿದ್ದರು. ಈಗ ಅದೇ ಕೈಯಲ್ಲಿ ಸೀಮೆಸುಣ್ಣ ಪುಡಿಯಾಗುತ್ತಿತ್ತು. ಟೀಚರ್ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಪ್ರಿನ್ಸಿಪಾಲರು ಟೀಚರ್ ಕುರ್ಚಿಯನ್ನು ತಾವೇ ಎಳೆದರು. "ನೀವು ಕೂತ್ರೆ ಅವರೂ ಕೂರ್ತಾರೆ. ನೋಡಿ, ಯೋಚನೆ ಮಾಡಿ." ಟೀಚರ್ ಮಂಡಿ ಬಗ್ಗಿಸಿದರು. ಆಗ ಮುಂದಿನ ಬೆಂಚಿನಿಂದ, ಇಡೀ ಕ್ಲಾಸಿನಲ್ಲಿ ಬಾಯಿ ಸತ್ತವಳೆಂದೇ ಹೆಸರಾದ ಹುಡುಗಿ ಕೇಳಿದಳು: "ಮಿಸ್, ನಿನ್ನೆ ಪಾಠ ಬರೀ ಪರೀಕ್ಷೆಗಾ?"

ಅರ್ಧ ಕೂತಿದ್ದ ಟೀಚರ್ ನೆಟ್ಟಗಾದರು. ಕುರ್ಚಿಯನ್ನು ಎತ್ತಿ ಪ್ರಿನ್ಸಿಪಾಲರ ಮುಂದೆ ಇಟ್ಟರು.

"ನೀವು ಕೂತ್ಕೊಳ್ಳಿ ಮೇಡಂ. ಪಾಠ ಇನ್ನೂ ಮುಗ್ದಿಲ್ಲ."