ಏಳನೆಯ ಗೂಟ

ಮೊದಲ ಏಟು ದವಡೆಗೆ ಬಿತ್ತು. ಕಡ್ಡಿ ರಕ್ತ ಉಗುಳಿ ನಕ್ಕ.

"ಇಷ್ಟೇನಾ ಮೇಸ್ತ್ರಿ? ಅತ್ತಿಗೆ ಮನೇಲಿ ಊಟ ಹಾಕಲ್ವಾ?"

ಕುಲುಮೆಯ ಇಪ್ಪತ್ತು ಮಂದಿ ಕೆಲಸ ಬಿಟ್ಟು ತಿರುಗಿ ನೋಡಿದರು. ಬೆನ್ನ ಹಿಂದೆ ಅವರೆಲ್ಲ ಗೂಳಿ ಎಂದು ಕರೆಯುತ್ತಿದ್ದ ಮೇಸ್ತ್ರಿಯದು ಗುಡಾಣದಂಥ ಹೊಟ್ಟೆ, ಸದಾ ಕೆಂಡದಂಥ ಮುಖ. ನಾಲ್ಕು ಮೆಟ್ಟಿಲು ಹತ್ತಿದರೆ ತಿದಿಯೊತ್ತಿದಂತೆ ಏದುಸಿರು. ಅವನೆದುರು ನಗುವ ಧೈರ್ಯ ಈವರೆಗೆ ಯಾರಿಗೂ ಬಂದಿರಲಿಲ್ಲ. ನರಪೇತಲನಾದ ಕಡ್ಡಿಗೆ ಅದು ಇಂದು ಬೆಳಿಗ್ಗೆ ಬಂದಿತ್ತು.

ಮೂರು ತಿಂಗಳ ಹಿಂದೆ, ಕೈ ನಿಧಾನವಾಯಿತೆಂಬ ಒಂದೇ ತಪ್ಪಿಗೆ, ಗೂಳಿ ಕಡ್ಡಿಯ ತಮ್ಮನ ಮುಂಗೈ ಹಿಡಿದು ಒತ್ತುಯಂತ್ರದ ಬಾಯಿಗೆ ತಳ್ಳಿದ್ದ. ನಾಲ್ಕು ಬೆರಳು ಹೋದವು. ಕಂಡವರು ಬಾಯಿ ಬಿಡಲಿಲ್ಲ. ಅಂದಿನಿಂದ ಕಡ್ಡಿಗೆ ನಿದ್ದೆಯಿಲ್ಲ. ಗೂಳಿಗಾದರೋ ಅಷ್ಟಕ್ಕೂ ತೃಪ್ತಿಯಿಲ್ಲ. ಮೊನ್ನೆ ಕಡ್ಡಿಯ ಕೋಟನ್ನು ಕಿಟಕಿಯ ಬಳಿಯ ಗೂಟದಿಂದ ಕಿತ್ತು ಮಸಿಯಲ್ಲಿ ಎಸೆದು, ತನ್ನದನ್ನು ಅಲ್ಲಿ ತೂಗುಹಾಕಿದ. "ಗಾಳಿ ನಂಗೆ ಬೇಕು. ನೀನು ನನ್ನ ಮೂಲೆಗೆ ಹೋಗು. ಕಡ್ಡಿಗೆಂಥ ಸೆಕೆ?"

ಕೊಲ್ಲಬೇಕು, ಆದರೆ ಜೈಲು ಸೇರಬಾರದು. ತಮ್ಮನಿಗೆ ತುತ್ತಿಡುವವರು ಬೇರೆ ಯಾರೂ ಇರಲಿಲ್ಲ.

ದಾರಿ ತೋರಿಸಿದವಳು ಕುಲುಮೆಯ ನರ್ಸಮ್ಮ. ಹೋದ ವಾರ ಆಕೆ ಎಲ್ಲರ ತೋಳಿಗೆ ಪಟ್ಟಿ ಬಿಗಿದು, ರಕ್ತ ತೆಗೆದು, ಹೃದಯಕ್ಕಿರುವ ಅಪಾಯವನ್ನು ಅಳೆದಿದ್ದಳು.

"ನಿಮ್ಮ ತಂದೆ?" ಎಂದು ಕಡ್ಡಿಯನ್ನು ಕೇಳಿದ್ದಳು.

"ನಲವತ್ತಾರಕ್ಕೇ ಹೋದ್ರು. ಮಲಗಿದವರು ಏಳಲಿಲ್ಲ."

"ಸಿಗರೇಟು?"

"ನಿದ್ದೆ ಮಾಡುವಾಗ ಸೇದಲ್ಲ ತಾಯಿ."

ಆಕೆ ನಗಲಿಲ್ಲ. ಸರದಿ ಬಂದಾಗ ಗೂಳಿ ಆಕೆಗೇ ಗದರಿದ್ದ: "ನಮ್ಮಪ್ಪ ತೊಂಬತ್ತರಲ್ಲೂ ಕೋಲು ಬೀಸ್ತಾನೆ. ಬೇಗ ಬರ್ಕೊ!" ಆ ಕುಲುಮೆಯಲ್ಲಿ ಹೆಸರಿಗೆ ಬೆಲೆಯಿಲ್ಲ, ಕೋಟು ತೂಗುವ ಗೂಟದ ಸಂಖ್ಯೆಯೇ ಆಳಿನ ಗುರುತು. ಆಕೆಯೂ ಸಂಖ್ಯೆಯನ್ನೇ ಬರೆದುಕೊಂಡಿದ್ದಳು.

ಇಂದು ಬೆಳಿಗ್ಗೆ ಗೂಟಗಳ ಮೇಲೆ ಚೀಟಿಗಳಿದ್ದವು. ಕಡ್ಡಿಯ ಕೋಟಿನ ಮೇಲೆ ಹಸಿರು. ಗೂಳಿಯ ಕೋಟಿನ ಮೇಲೆ ಕೆಂಪು: "ಅಪಾಯ ಅತಿ ಹೆಚ್ಚು. ಭಾರ ಎತ್ತಬಾರದು, ಕೆರಳಬಾರದು. ತಕ್ಷಣ ಬಂದು ಕಾಣಿ." ಕಡ್ಡಿ ಅದನ್ನು ಎರಡು ಬಾರಿ ಓದಿ, ಕಿತ್ತು, ಕುಲುಮೆಯ ಬೆಂಕಿಗೆ ಹಾಕಿದ.

ಎರಡನೆಯ ಏಟಿಗೆ ಅವನ ಹಲ್ಲು ಹಾರಿತು. "ತಮ್ಮನ ಬೆರಳು ತಿಂದ ಕೈ ಇದೇನಾ?" ಎಂದು ಕಿರುಚಿದ. ಗೂಳಿ ಕಬ್ಬಿಣದ ಇಕ್ಕಳವನ್ನೇ ಬೀಸಿದ. ಕಡ್ಡಿಯ ಎಡತೋಳು ಜೋಮು ಹಿಡಿಯಿತು. ಆದರೂ ಹಿಂದೆಗೆಯಲಿಲ್ಲ. ಗೂಳಿಯ ಮುಖ ನೀಲಿಗಟ್ಟುತ್ತಿತ್ತು, ಕತ್ತಿನ ನರ ಹುರಿಗೊಂಡಿತ್ತು. ಇನ್ನೊಂದಿಷ್ಟು ಸಾಕು.

"ಹೊಡಿ! ಗಂಡಸಾಗಿದ್ರೆ ಇನ್ನೂ ಹೊಡಿ!"

ಕಡ್ಡಿಯ ಎದೆಗೊಂದು ಗುದ್ದು ಬಿತ್ತು. ಮೈಯೆಲ್ಲ ತಣ್ಣನೆಯ ಬೆವರು. ಗೂಳಿ ಮುಗ್ಗರಿಸಿದ, ಬಾಯ್ದೆರೆದು ಗಾಳಿ ಕುಡಿದ, ಕಬ್ಬಿಣ ಬಡಿಯುವ ಅಡಿಗಲ್ಲನ್ನು ಹಿಡಿದುಕೊಂಡ. ಕಡ್ಡಿ ಆಸೆಗಣ್ಣಿನಿಂದ ಕಾದ. ಗುದ್ದಿನ ನೋವು ಇಳಿಯಲೊಲ್ಲದು. ದವಡೆಗೆ ಏರಿತು, ಬೆನ್ನಿಗೆ ಹರಿಯಿತು. ಗೂಳಿ ನಿಧಾನವಾಗಿ ನೆಟ್ಟಗಾದ. ಕಡ್ಡಿ ನೆಲಕ್ಕೆ ಕುಸಿದ.

ನರ್ಸಮ್ಮ ಸಂಖ್ಯೆ ಬರೆದ ಪಟ್ಟಿ ಹಿಡಿದೇ ಓಡಿ ಬಂದಳು. ನಿಂತಿದ್ದ ಗೂಳಿಯನ್ನು ಆಚೆ ನೂಕಿ, ಬಿದ್ದವನ ಎದೆಗೆ ಎರಡೂ ಅಂಗೈ ಊರಿದಳು.

"ಏಳನೇ ಗೂಟ ಅಂತ ಹೋದ ವಾರ ಇವರೇ ಬರೆಸಿದ್ರಲ್ರೀ! ಅಲ್ಲೇ ಕೆಂಪು ಚೀಟಿ ಹಾಕಿದ್ದೆ, ನೋಡ್ಲಿಲ್ವಾ?"