ಶೆಡ್ಡಿನಲ್ಲಿ ಒಂದೇ ಕಾರಿಗೆ ಜಾಗ

ಅರವತ್ತೇಳನೇ ಇಸವಿಯ ತನ್ನ ಪೊಂಟಿಯಾಕ್ ಕಾರಿನ ಡ್ಯಾಶ್‌ಬೋರ್ಡಿಗೆ ನೂರು ಡಾಲರಿನ ನೋಟು ಅಂಟಿಸಿ ಲೊರೈನ್ ಹೇಳಿದಳು: "ಗಾಡಿ ಓಡ್ತಿರೋವಾಗ ಕೈ ಚಾಚಿ ಕಿತ್ಕೋ, ಡೆಲ್ಬರ್ಟ್. ಆಗ್ಲಿಲ್ವೋ, ಶೆಡ್ಡು ನಂದು."

ಶನಿವಾರ ಇಬ್ಬರ ಮದುವೆ. ಅವಳಿಗೆ ಅರವತ್ತೊಂಬತ್ತು, ಅವನಿಗೆ ಎಪ್ಪತ್ತೆರಡು. ಎಲ್ಲವೂ ಹೊಂದಿತ್ತು, ಕಾರುಗಳ ವಿಷಯ ಬಿಟ್ಟು. ಇಬ್ಬರಿಗೂ ಪ್ರಾಣದಂಥ ಒಂದೊಂದು ಹಳೇ ಕಾರಿತ್ತು. ಡೆಲ್ಬರ್ಟನ ಶೆಡ್ಡಿನಲ್ಲಿ ಒಂದಕ್ಕೇ ಜಾಗ. ಇಂಥ ಕಾರನ್ನು ಹೊರಗೆ ನಿಲ್ಲಿಸುವುದು ಇಬ್ಬರ ಲೆಕ್ಕದಲ್ಲೂ ಪಾಪ. ಹಾಗಾಗಿ ಒಂದನ್ನು ಮಾರಲೇಬೇಕು. ಯಾವುದನ್ನು ಎಂಬ ಮಾತು ಬಂದಾಗಲೆಲ್ಲ ಮದುವೆಯೇ ಮುರಿಯುವ ಹಾಗಾಗುತ್ತಿತ್ತು.

ಸಾಗಿನಾ ಊರಾಚೆಯ ಬೀಟ್‌ರೂಟ್ ಹೊಲಗಳ ನಡುವೆ, ನೆಟ್ಟಗಿನ ರಸ್ತೆಯಲ್ಲಿ ಲೊರೈನ್ ಆಕ್ಸಿಲರೇಟರ್ ತುಳಿದಳು. ಡೆಲ್ಬರ್ಟನ ಬೆನ್ನು ಸೀಟಿಗೆ ಅಂಟಿತು, ಟೋಪಿ ಹಿಂದಕ್ಕೆ ಹಾರಿತು. ನೋಟು ಕಣ್ಣೆದುರೇ ಇತ್ತು, ಕೈ ಮಾತ್ರ ಮುಂದೆ ಹೋಗಲೊಲ್ಲದು. ಮುದುಕ ಕೇಕೆ ಹಾಕಿ ನಕ್ಕ.

"ಓಟ ಜೋರೇ, ಒಪ್ಕೊಂಡೆ," ಎಂದ ಮನೆಯಂಗಳದಲ್ಲಿ ಇಳಿದು. "ಆದ್ರೆ ಇದ್ರ ಎಂಜಿನ್ನು ಬೇರೆ ಗಾಡೀದು, ಬಾಗ್ಲು ಇನ್ಯಾವುದ್ರದೋ. ನನ್ ಶೆವೆಲ್ ಕಾರ್ ನೋಡು. ಎಪ್ಪತ್ತರಲ್ಲಿ ಕಾರ್ಖಾನೆಯಿಂದ ಹೆಂಗ್ ಬಂತೋ ಹಂಗೇ ಇದೆ. ಹಿಂದಿನ ಸೀಟಿನ ಪ್ಲಾಸ್ಟಿಕ್ಕೂ ತೆಗೆದಿಲ್ಲ. ಹಳೇ ಕಾರು ಕೂಡಿಡೋರು ಇಂಥದಕ್ಕೇ ಜೊಲ್ಲು ಸುರಿಸೋದು!" ಹೇಳುತ್ತಲೇ ಜೇಬಿನ ಕರವಸ್ತ್ರ ತೆಗೆದು ಶೆವೆಲ್‌ನ ಬಾನೆಟ್ಟಿನ ಮೇಲೆ ಇಲ್ಲದ ಧೂಳನ್ನು ಒರೆಸಿದ.

"ಮದ್ವೆ ಆದ್ಮೇಲೆ ನಂಗೂ ಪ್ಲಾಸ್ಟಿಕ್ ಹೊದಿಸಿ ಇಡ್ತೀಯೇನೋ?" ಎಂದಳು ಲೊರೈನ್.

ಈಗ ಶೆವೆಲ್‌ನ ಸರದಿ. ಅದೇ ರಸ್ತೆ, ಅದೇ ನೋಟು. ಡೆಲ್ಬರ್ಟ್ ಎಷ್ಟು ನಾಜೂಕಾಗಿ ಓಡಿಸಿದನೆಂದರೆ ಲೊರೈನ್ ಆರಾಮಾಗಿ ನೋಟು ಕಿತ್ತು ಅದರಲ್ಲೇ ಗಾಳಿ ಬೀಸಿಕೊಂಡಳು. "ಸೋತೋಯ್ತು ನಿನ್ ಗಾಡಿ!"

"ಗಾಡಿ ಸೋತಿಲ್ಲ ಕಣೆ. ನಾನೇ ತುಳೀಲಿಲ್ಲ." ಅವನ ಮುಖ ಸಣ್ಣದಾಯಿತು. "ಹೆದರಿಕೆ. ಇದುವರ್ಗೂ ಒಂದ್ಸಲಾನೂ ಪೂರ್ತಿ ತುಳಿದಿಲ್ಲ."

ಅವಳಿಗೆ ಅಯ್ಯೋ ಎನಿಸಿತು, ಆ ಕ್ಷಣಕ್ಕೆ ಅವನ ಮೇಲೆ ಇನ್ನಷ್ಟು ಪ್ರೀತಿಯೂ ಉಕ್ಕಿತು. ನೋಟನ್ನು ಮತ್ತೆ ಅಂಟಿಸಿದಳು. "ತುಳಿ ಮಾರಾಯ. ನಾನಿದೀನಲ್ಲ."

ತುಳಿದ. ಶೆವೆಲ್ ಗುಡುಗಿತು. ಹಿಂದಿನ ಸೀಟಿನ ಪ್ಲಾಸ್ಟಿಕ್ ಪಟಪಟ ಹೊಡೆದುಕೊಂಡು ಹರಿಯಿತು. ಲೊರೈನಳ ಕೈ ಮಡಿಲಿನಿಂದ ಮೇಲೇಳಲೇ ಇಲ್ಲ. ಟೇಪು ಬಿಟ್ಟ ನೋಟು ಕಿಟಕಿಯಿಂದ ಹೊಲಕ್ಕೆ ಹಾರಿತು. ನಿಲ್ಲಿಸು ಎಂದು ಅವಳು ಹೇಳಲಿಲ್ಲ, ಅವನು ನಿಲ್ಲಿಸಲೂ ಇಲ್ಲ. ಇಬ್ಬರೂ ಹೋ ಎಂದು ಕಿರುಚುತ್ತಿದ್ದರು.

ಮನೆಗೆ ಬಂದವನೇ ಡೆಲ್ಬರ್ಟ್ ಶೆಡ್ಡಿನ ಬಾಗಿಲು ತೆರೆದ. "ನಿಂದು ಒಳಗಿಡು."

"ಶೆವೆಲ್ ಮಾರ್ತೀಯಾ?" ಲೊರೈನ್ ಅದರ ಬಾಗಿಲು ಹಿಡಿದುಕೊಂಡಳು. ಅಷ್ಟರಲ್ಲಿ ಅದರ ಮೇಲೆ ಅವಳಿಗೂ ಮನಸ್ಸಾಗಿಬಿಟ್ಟಿತ್ತು.

"ಮಾರೋದ್ಯಾಕೆ? ಮೇಪಲ್ ಮರದ ಕೆಳಗೆ ನಿಲ್ಲಲಿ. ಬಿಸ್ಲು ಮಳೆ ನೋಡಿಲ್ಲ ಪಾಪ, ನೋಡ್ಲಿ."

ಮರದಡಿ ನಿಲ್ಲಿಸಿ ಇನ್ನೂ ಕಾರಿನ ಬಾಗಿಲು ಹಾಕಿರಲಿಲ್ಲ, ಮರದ ಮೇಲಿನ ಹಕ್ಕಿಯೊಂದು ಬಾನೆಟ್ಟಿನ ನಟ್ಟನಡುವೆ ಪಿಚಕ್ ಎಂದು ಹಿಕ್ಕೆ ಹಾಕಿತು. ಲೊರೈನ್ ಅವನ ಮುಖ ನೋಡಿದಳು. ಡೆಲ್ಬರ್ಟ್ ಜೇಬಿನಿಂದ ಕರವಸ್ತ್ರ ತೆಗೆದ, ಬಾನೆಟ್ಟಿನತ್ತ ಬಾಗಿದ, ನಗು ತಡೆಯಲಾರದೆ ತನ್ನ ಕಣ್ಣು ಒರೆಸಿಕೊಂಡ.