ಕ್ಯಾಲಸ್ ಅಂದರೆ ಏನು?

"ದೀಪಶ್ರೀ, 'ಕ್ಯಾಲಸ್' ಅಂದ್ರೆ ಏನ್ರೀ?"

ಮಳವಳ್ಳಿಯ ಆ ಪಿಂಚಣಿ ಕಚೇರಿಯಲ್ಲಿ ಮ್ಯಾನೇಜರ್ ಕಸ್ತೂರಿರಂಗ ಬೆಳಗಿನಿಂದ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಿದ್ದುದು ಇದೊಂದೇ ಪ್ರಶ್ನೆ. ಮೇಜಿನ ಮೇಲೆ ಒಂದು ಮೂಕರ್ಜಿಯಿತ್ತು. ಮಂಡ್ಯದ ಮೇಲಧಿಕಾರಿಗಳು ವಿವರಣೆ ಕೇಳಿ ಕಳಿಸಿದ್ದು. ಬಿಡಿಬಿಡಿ ದೊಡ್ಡಕ್ಷರದಲ್ಲಿ ಮೂರೇ ಸಾಲು ಇಂಗ್ಲಿಷ್: ಚಿಕ್ಕಬೋರಮ್ಮ ಎಂಬ ಮುದುಕಿ ವಿಧವಾ ವೇತನಕ್ಕೆ ಹನ್ನೊಂದು ಸಲ ಅಲೆದಳು, ಬಿಸಿಲಲ್ಲಿ ನಿಂತು ಮೆಟ್ಟಿಲ ಮೇಲೆ ಬಿದ್ದಳು, ಈ ಮ್ಯಾನೇಜರ್ ಕ್ಯಾಲಸ್ ಮನುಷ್ಯ. ಸಹಿ ಇಲ್ಲ.

ಅರ್ಥ ಗೊತ್ತಿದ್ದವರೇ ಬರೆದವರು ಎಂಬುದು ಕಸ್ತೂರಿರಂಗರ ಲೆಕ್ಕ. ಅದು ಎಲ್ಲರಿಗೂ ತಿಳಿದುಹೋಗಿತ್ತು. ಹಾಗಾಗಿ ಹನ್ನೊಂದು ಗಂಟೆಯ ಹೊತ್ತಿಗೆ ಕಚೇರಿಯಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ.

"ಗೊತ್ತಿಲ್ಲ ಸರ್," ಎಂದಳು ದೀಪಶ್ರೀ.

"ಹೌದಾ? ಮಂಡ್ಯದಿಂದ ಬರೋವಾಗ ಬಸ್ಸಲ್ಲಿ ದಿನಾ ಅದೇನೋ ಬಾಯಿಪಾಠ ಮಾಡ್ತೀರಂತೆ. ಆ ಪುಸ್ತಕ ತನ್ನಿ ನೋಡೋಣ."

ಯಾರು ಹೇಳಿದರೋ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಅವಳು ದಿನಕ್ಕೆ ಹತ್ತು ಕಷ್ಟದ ಪದ ಬರೆದು ಕಲಿಯುತ್ತಿದ್ದುದು ಗುಟ್ಟೇನಲ್ಲ. ಅರ್ಜಿ ಬರೆದವಳು ಅವಳಲ್ಲ. ಆದರೆ ಆ ಪದ ಪುಸ್ತಕದಲ್ಲಿತ್ತು. ತಂದು ಕೊಟ್ಟಳು.

ಕಸ್ತೂರಿರಂಗರು ಹಾಳೆ ಮಗುಚುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

"ಕ್ಯಾಲಸ್. ಇನ್ನೊಬ್ಬರ ನೋವು ತಾಕದಷ್ಟು ಜಡ್ಡುಗಟ್ಟಿದ ಮನಸ್ಸಿನವನು." ಓದಿ ಮುಗಿಸುವಷ್ಟರಲ್ಲಿ ದನಿ ಸಣ್ಣಗಾಗಿತ್ತು. "ನಿಮ್ಮದೇ ಅಕ್ಷರ ಅಲ್ವೇನ್ರೀ ಇದು?"

"ಹೌದು ಸರ್."

"ಪಕ್ಕದಲ್ಲಿ ಪೆನ್ಸಿಲ್ ಗುರುತು ಯಾರದ್ದು? ಬೇರೆ ಯಾರು ನೋಡ್ತಾರೆ ಇದನ್ನ?"

ಅಟೆಂಡರ್ ಜಕೀವುಲ್ಲಾ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ. ಊಟದ ಹೊತ್ತಿನಲ್ಲಿ ಪುಸ್ತಕ ಹಿಡಿದು ಅವಳನ್ನು ಅರ್ಥ ಕೇಳುತ್ತಿದ್ದವನು, ಸರಿ ಹೇಳಿದರೆ ಗುರುತು ಹಾಕುತ್ತಿದ್ದವನು ಅವನೇ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಕೈಕೊಟ್ಟಿತ್ತು, ಈಗ ಕೇಳಿ ಕೇಳಿಯೇ ಒಂದಷ್ಟು ಕಲಿತಿದ್ದ. ಚಿಕ್ಕಬೋರಮ್ಮ ಬಿದ್ದ ದಿನ ಅವಳನ್ನು ಎತ್ತಿ ಆಟೋದಲ್ಲಿ ಕೂರಿಸಿದವನೂ ಅವನೇ. ದೀಪಶ್ರೀ ಬಾಗಿಲ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಅರ್ಜಿಯ ಆ ಪದವನ್ನೇ ಒಂದು ಗಳಿಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮಾತು ಬದಲಿಸಿದಳು.

"ಯಾರೂ ಇಲ್ಲ ಸರ್. ಗುರುತೂ ನನ್ನದೇ."

ಸಂಜೆಯೊಳಗೆ ನೋಟಿಸು ಕೈಗೆ ಬಂತು. ನಾಳೆಯಿಂದ ಹಳೇ ಕಡತಗಳ ಕೋಣೆಯಲ್ಲಿ ಕೆಲಸ. ವಿಚಾರಣೆ ಮುಗಿಯುವವರೆಗೆ ರಜೆ ಇಲ್ಲ, ಪರೀಕ್ಷೆಗೂ ಇಲ್ಲ. ಜೊತೆಯವರು ಅವಳ ಕಣ್ಣು ತಪ್ಪಿಸಿ ಚೀಲ ಹೆಗಲಿಗೇರಿಸಿಕೊಂಡು ಹೊರಟರು.

ಬಸ್ ನಿಲ್ದಾಣಕ್ಕೆ ಜಕೀವುಲ್ಲಾ ಹಿಂದೆಯೇ ಓಡಿ ಬಂದ.

"ನನ್ನೆಸ್ರು ಏಳ್ಬುಡಬೋದಿತ್ತಲ್ಲ ಮೇಡಂ. ನಾಳೆ ನಾನೇ ಓಗಿ ಒಪ್ಕೋತೀನಿ."

"ರಿಟೈರ್ ಆಗೋಕೆ ಎಂಟು ತಿಂಗಳಿದೆ ನಿಮಗೆ. ಸುಮ್ನಿರಿ ಜಕೀವಣ್ಣ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮೆಲ್ಲಗೆ ಕೇಳಿದ: "ಆ ಪದ ಸರ್ಯಾಗ್ ಬರ್ದಿದ್ನಾ ಮೇಡಂ?"

"ಅರ್ಥ ಸರಿಯಾಗೇ ಕೂತಿತ್ತು. ಆದ್ರೆ ಎಲ್ ಎರಡು ಬರಬೇಕು, ನೀವು ಒಂದೇ ಹಾಕಿದ್ರಿ. ನನ್ನ ಪುಸ್ತಕದಲ್ಲಿ ಎರಡಿದೆ. ಅದನ್ನ ತೋರಿಸಿದ್ರೆ ನಾನು ಅಲ್ಲೇ ಪಾರಾಗ್ತಿದ್ದೆ. ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ಕೂತಿದ್ರೂ ಸಾಹೇಬರಿಗೆ ಕಾಣಲಿಲ್ಲ."

ಮಂಡ್ಯದ ಬಸ್ಸು ಬಂತು. ಮೆಟ್ಟಿಲು ಹತ್ತಿದವಳು ಕಂಬಿ ಹಿಡಿದು ತಿರುಗಿದಳು.

"ಮುಂದಿನ ಸಲ ನನಗೆ ತೋರಿಸಿ ಕಳಿಸಿ."